ತೊಟ್ಟಿಯ ಮೇಲಿನ ಹುಲ್ಲು

ತಕ್ಕಡಿಯಮ್ಮನ ಸಿಟ್ಟಿನ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಯಾರೂ ದೂರುವುದು ಬೇಡ. ಮೂಗಿನ ತುದಿಯಲ್ಲೇ ಸಿಟ್ಟಿರುವವರನ್ನು ಎಲ್ಲರೂ ನೋಡಿದ್ದಾರೆ. ಇವಳ ಸಿಟ್ಟು ಮೂಗಿಗಿಂತ ಒಂದು ಗೇಣು ಮುಂದೆಯೇ ನಡೆಯುತ್ತಿತ್ತು. ಅವಳಿನ್ನೂ ಮೆಟ್ಟಿಲು ಹತ್ತುತ್ತಿರುವಾಗಲೇ ಅದು ಕಚೇರಿಯೊಳಗೆ ಬಂದು ಕುರ್ಚಿ ಎಳೆದುಕೊಂಡು ಕೂತಿರುತ್ತದೆ ಎಂದು ಜೊತೆಯವರು ಹೇಳುತ್ತಿದ್ದರು, ಅವಳೆದುರಿಗಲ್ಲ. ಅವಳ ಗಂಡನದು ಪೇಟೆಯಲ್ಲಿ ಕನ್ನಡಕದ ಅಂಗಡಿ. "ಊರಿಗೆಲ್ಲ ಕಣ್ಣು ಕಾಣೋ ಹಾಗೆ ಮಾಡ್ತೀನಿ. ಮನೆಗೆ ಬಂದ್ಮೇಲೆ ನನ್ನ ಕನ್ನಡಕ ತೆಗೆದಿಡ್ತೀನಿ. ಅದಕ್ಕೇ ಸಂಸಾರ ನಡೀತಿದೆ" ಎನ್ನುತ್ತಿದ್ದ.

ಹಾಗಂತ ಅದು ಸುಮ್ಮಸುಮ್ಮನೆ ಉರಿಯುವ ಸಿಟ್ಟಲ್ಲ. ಅದಕ್ಕೊಂದು ಹುಟ್ಟಿದ ದಿನವೇ ಇದೆ. ತಾಯಿಯಿಲ್ಲದ ಮನೆಯಲ್ಲಿ ಅವಳನ್ನು ಬೆಳೆಸಿದ್ದು ಅಕ್ಕ. ಅಕ್ಕನಿಗೂ ಆಗ ಆಡುವ ವಯಸ್ಸೇ. ಕಾಲುವೆಯ ಪಕ್ಕದ ಒಂದು ತುಂಡು ನೆಲದಲ್ಲಿ ಸಸಿ ಎಬ್ಬಿಸಿ ಮಾರುತ್ತ, ತಂಗಿಯ ತಲೆ ಬಾಚಿ, ಬೈದು, ಎರಡೇಟು ಹಾಕಿ, ಓದಿಸಿದಳು. ಒಮ್ಮೆ ಅಕ್ಕ ಗೊಬ್ಬರ ಕೊಳ್ಳುವಾಗ, ಅವಳ ಕೈ ಹಿಡಿದು ನಿಂತಿದ್ದ ತಂಗಿ ಇದ್ದಕ್ಕಿದ್ದ ಹಾಗೆ ಮೇಲಕ್ಕೆ ಹಾರಿ ಅಂಗಡಿಯವನ ತಕ್ಕಡಿಯ ತಟ್ಟೆಯನ್ನು ಮಗುಚಿಬಿಟ್ಟಳು. ಗೊಬ್ಬರವೆಲ್ಲ ನೆಲದ ಪಾಲು. ಅಂಗಡಿಯವನು ಬಾಯಿಗೆ ಬಂದಂತೆ ಬೈಯತೊಡಗಿದ. ಅಷ್ಟರಲ್ಲಿ ತಟ್ಟೆಯ ತಳ ಎಲ್ಲರಿಗೂ ಕಂಡಿತು. ಅಲ್ಲಿ ಹೆಬ್ಬೆರಳಷ್ಟು ದಪ್ಪ ಮೇಣ ಮೆತ್ತಿತ್ತು. ಕುಳ್ಳಗಿದ್ದ ಹುಡುಗಿಗೆ ಮಾತ್ರ ಅದು ಕೆಳಗಿನಿಂದ ಕಂಡಿತ್ತು. ಅಕ್ಕ ಮನೆಯವರೆಗೂ ನಗುತ್ತ ಬಂದಳು. "ನಮ್ಮನೇಲೊಂದು ತಕ್ಕಡಿ ಹುಟ್ಟಿದೆ" ಎಂದಳು. ಆ ಹೆಸರೇ ನಿಂತಿತು. ಮೋಸ ಇರುವುದು ಯಾವಾಗಲೂ ತಕ್ಕಡಿಯ ಕೆಳಗೆ ಎಂಬ ನಂಬಿಕೆಯೂ ನಿಂತಿತು.

ಓದಿ, ಪದವಿ ಪಡೆದು, ತಕ್ಕಡಿಯಮ್ಮ ನೀರು ಹಂಚುವ ಕಚೇರಿಯಲ್ಲಿ ಅಳತೆಯ ಅಧಿಕಾರಿಯಾದಳು. ಅವಳ ತಕ್ಕಡಿ ಈಗ ನೆಲದೊಳಗಿತ್ತು. ಕಚೇರಿಯ ಹಿಂದಿನ ಬಯಲಿನಲ್ಲಿ ಒಂದು ಕೋಣೆಯಷ್ಟು ಗುಂಡಿ ತೋಡಿ, ಅದರಲ್ಲಿ ತೂಕದ ಯಂತ್ರ ಕೂರಿಸಿ, ಯಂತ್ರದ ಮೇಲೆ ಮಣ್ಣು ತುಂಬಿದ ದೊಡ್ಡ ಉಕ್ಕಿನ ತೊಟ್ಟಿ ಇಟ್ಟಿದ್ದರು. ತೊಟ್ಟಿಯ ಬಾಯಿ ನೆಲಕ್ಕೆ ಸರಿಸಮ. ಅದರ ಮೇಲೂ ಹುಲ್ಲು, ಸುತ್ತಲೂ ಹುಲ್ಲು. ಬಿಸಿಲಿಗೆ ಮಣ್ಣಿನಿಂದ ನೀರು ಆವಿಯಾಗುತ್ತದೆ, ಹುಲ್ಲು ಬೇರಿನಿಂದ ಹೀರಿ ಎಲೆಯಿಂದ ಬೆವರುತ್ತದೆ. ತೊಟ್ಟಿ ಹಗುರಾಗುತ್ತದೆ. ಎಷ್ಟು ಹಗುರಾಯಿತೋ ಅಷ್ಟು ನೀರನ್ನು ಆಕಾಶ ಒಯ್ದಿತು ಎಂದು ಲೆಕ್ಕ. ಒಂದು ಲೋಟ ನೀರು ಕಡಿಮೆಯಾದರೂ ಯಂತ್ರಕ್ಕೆ ತಿಳಿಯುತ್ತಿತ್ತು. ಉಪಕರಣದ ಕೋಣೆಯಿಂದ ಮೆಟ್ಟಿಲಿಳಿದು ಗುಂಡಿಗೆ ಹೋಗುವ ದಾರಿಯಿತ್ತು. ತಕ್ಕಡಿಯಮ್ಮ ವಾರವಾರವೂ ಇಳಿದು, ಯಂತ್ರ ಒರೆಸಿ, ತೂಕದ ಬಟ್ಟು ಇಟ್ಟು ಪರೀಕ್ಷಿಸಿ ಬರುತ್ತಿದ್ದಳು. ಕೆಳಗೆ ಒಂದು ಇರುವೆ ಹರಿದರೂ ಅವಳ ಕಣ್ಣು ತಪ್ಪುತ್ತಿರಲಿಲ್ಲ.

ಒಂದು ತೊಟ್ಟಿ ಒಂದು ಬಯಲನ್ನು ಮಾತ್ರ ಹೇಳುತ್ತದೆ. ಇಡೀ ಕಣಿವೆಯ ಹೊಲಗದ್ದೆಗಳು ಎಷ್ಟು ನೀರು ಬೆವರಿದವು ಎಂದು ತಿಳಿಯಲು ಉಪಗ್ರಹ ಬೇಕು. ಅದು ಬೆಳಗಿನ ಹೊತ್ತು ಮೇಲೆ ಹಾದುಹೋಗುವಾಗ ನೆಲದ ಕಾವನ್ನು ನೋಡುತ್ತದೆ. ಚೆನ್ನಾಗಿ ಬೆವರುವ ನೆಲ ತಂಪು, ಬೆವರದ ನೆಲ ಬಿಸಿ. ಆ ಕಾವಿನಿಂದ ನೀರಿನ ಲೆಕ್ಕ ತೆಗೆದು ಬಣ್ಣದ ನಕ್ಷೆ ಮಾಡುವವನೊಬ್ಬ ಕಚೇರಿಯಲ್ಲಿದ್ದ, ಮೆತ್ತಗೆ ಮಾತಾಡುವ ಮನುಷ್ಯ. ನೆಲದಳತೆ ಸರಿಯಿದೆ ಎಂದು ತಕ್ಕಡಿಯಮ್ಮ ಸಹಿ ಹಾಕಿದರೆ ಮಾತ್ರ ಅವನ ನಕ್ಷೆಗೆ ಬೆಲೆ. ಅದು ಕಚೇರಿಯದೇ ನಿಯಮ.

ಆ ವರ್ಷದ ಹಂಗಾಮಿನಲ್ಲಿ ಇಬ್ಬರ ಲೆಕ್ಕ ಒಂದಕ್ಕೊಂದು ತಾಳೆಯಾಗಲಿಲ್ಲ. ತೊಟ್ಟಿ ಹೆಚ್ಚು ಹೇಳಿತು, ಉಪಗ್ರಹ ಕಡಿಮೆ ಹೇಳಿತು.

"ಮೇಡಂ, ಹೋದ ವರ್ಷ ಎರಡೂ ಹೊಂದ್ಕೊಂಡಿದ್ವು. ಸ್ವಲ್ಪ ಕಾದು ನೋಡೋಣ್ವಾ?" ಎಂದ ನಕ್ಷೆಯವನು ಸಭೆಯಲ್ಲಿ.

"ಏನು ಕಾಯೋದು? ನಾನು ತೂಗಿ ಹೇಳ್ತಿದ್ದೀನಿ. ನೀವು ಆಕಾಶದಲ್ಲಿ ನಿಂತು ಕಣ್ಣಂದಾಜು ಹೇಳ್ತಿದ್ದೀರಿ. ನೆಲ ಆಕಾಶಕ್ಕೆ ಹೊಂದ್ಕೋಬೇಕಾ, ಆಕಾಶ ನೆಲಕ್ಕೆ ಹೊಂದ್ಕೋಬೇಕಾ?"

"ಅದಲ್ಲ ಮೇಡಂ..."

"ಅದೇ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಜೊತೆ ನಾಲ್ಕನೇ ಕಾಲಿನ ವಾದ ಮಾಡುವುದುಂಟೇ? ಅವನು ತಲೆ ತಗ್ಗಿಸಿ, ತೊಟ್ಟಿಯ ಲೆಕ್ಕಕ್ಕೆ ಸರಿಹೊಂದುವಂತೆ ಇಡೀ ಕಣಿವೆಯ ನಕ್ಷೆಯನ್ನು ಏರಿಸಿದ. ಎಲ್ಲ ಹೊಲಗಳೂ ಕೂತಲ್ಲೇ ಹೆಚ್ಚು ನೀರು ಕುಡಿದವು. ತಕ್ಕಡಿಯಮ್ಮ ಸಹಿ ಹಾಕಿದಳು. ಪೆನ್ನಿನ ಮೊನೆ ಕಾಗದಕ್ಕೆ ಒತ್ತಿ ಹಾಕಿದಳು, ಗೆದ್ದವರು ಹಾಕುವ ಹಾಗೆ.

ಆ ವರ್ಷದಿಂದ ಹೊಸ ಕಟ್ಟಳೆ ಬಂದಿತ್ತು. ಪಾಲಿಗಿಂತ ಹೆಚ್ಚು ನೀರು ಬಳಸಿದವರ ಜಾಗ ನಕ್ಷೆಯಲ್ಲಿ ಕೆಂಪಾಗುತ್ತದೆ. ಕೆಂಪಾದವರ ತೂಬಿಗೆ ಬೀಗ ಬೀಳುತ್ತದೆ. ಕೇಳುವುದು ಹೇಳುವುದೆಲ್ಲ ಬೀಗ ಬಿದ್ದ ಮೇಲೆ. ಮೊದಲೇ ಪಾಲು ಕಡಿಮೆಯಿದ್ದ ಕಾಲುವೆಯ ಕೆಳದಂಡೆಯ ಬೆಳೆಗಾರರು ಸಾಲುಸಾಲಾಗಿ ಕೆಂಪಾದರು. ಅವರಲ್ಲಿ ಅಕ್ಕನ ಸಸಿತೋಟವೂ ಇತ್ತು.

ಅಕ್ಕ ಫೋನು ಮಾಡಿದಳು. ತಕ್ಕಡಿಯಮ್ಮ ಎತ್ತಿದವಳೇ, "ನೀನೂನಾ ಅಕ್ಕಾ?" ಎಂದಳು. ಆ ಒಂದು ಮಾತಿಗೆ ಅಕ್ಕ ಫೋನಿಟ್ಟಳು.

ಮರುದಿನ ಮಧ್ಯಾಹ್ನ ತಕ್ಕಡಿಯಮ್ಮ ಸಸಿತೋಟಕ್ಕೇ ಹೋದಳು. ಹೋದದ್ದು ಸಮಾಧಾನ ಹೇಳುವುದಕ್ಕಲ್ಲ. ದಾರಿಯುದ್ದಕ್ಕೂ ಅವಳಿಗೆ ಮೈ ಉರಿಯುತ್ತಿತ್ತು. ನನ್ನ ಕಚೇರಿ, ನನ್ನ ತೊಟ್ಟಿ, ನನ್ನ ಸಹಿ, ಅಂಥದ್ದರಲ್ಲಿ ನನ್ನ ಅಕ್ಕನೇ ಕದ್ದು ನೀರು ಬಿಟ್ಟುಕೊಂಡರೆ ನಾನು ಯಾರಿಗೆ ಮುಖ ತೋರಿಸಲಿ? ತೂಬಿಗೆ ಹೊಸ ಬೀಗ ಜೋತಾಡುತ್ತಿತ್ತು. ಒಳಗೆ ನೆರಳು ಬಲೆಯ ಕೆಳಗೆ ಸಸಿಗಳ ತಟ್ಟೆಗಳು. ಮುಂದಿನ ಸಾಲುಗಳು ಕೊರಳು ಬಗ್ಗಿಸಿದ್ದವು. ಅಕ್ಕ ಕೊಡದಲ್ಲಿ ಎಲ್ಲಿಂದಲೋ ಹೊತ್ತು ತಂದ ನೀರನ್ನು ಚೊಂಬಿನಿಂದ ಹನಿಸುತ್ತಿದ್ದಳು. ಮೊಣಕೈವರೆಗೂ ಕೆಸರು.

"ನಿಜ ಹೇಳು. ಸರದಿ ಇಲ್ಲದಾಗ ತೂಬು ಎತ್ತಿದ್ಯಾ?"

ಅಕ್ಕ ತಲೆ ಎತ್ತಲಿಲ್ಲ. "ಊಟ ಆಯ್ತಾ?"

"ಅಕ್ಕಾ, ನಾನು ಕೇಳ್ತಿರೋದು..."

"ಕೇಳಿಸ್ತು." ಚೊಂಬು ಕೆಳಗಿಟ್ಟಳು. "ನಿನ್ನ ಎತ್ತಿ ಆಡಿಸಿದ ಕೈ ಇದು. ಇದಕ್ಕೆ ಕಳ್ಳತನ ಕಟ್ತೀಯಾ? ಅದೂ ನಿನ್ನ ತೊಟ್ಟಿ ಹೇಳ್ತು ಅಂತ?"

"ತೂಕ ಸುಳ್ಳು ಹೇಳಲ್ಲ."

"ಹಾಗಾದ್ರೆ ನಾನು ಸುಳ್ಳು ಹೇಳ್ತಿದ್ದೀನಿ. ಹೋಗು. ನಿನ್ನ ತೊಟ್ಟೀನೇ ಅಕ್ಕಾ ಅಂತ ಕರಿ. ಇನ್ನು ಈ ಕಡೆ ತಲೆ ಹಾಕ್ಬೇಡ."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ಶಾಂತವಾಗುವವರೆಗೆ ಯಾರು ಕಾಯುತ್ತಾರೆ? ತಕ್ಕಡಿಯಮ್ಮ ಬಸ್ಸಿನಲ್ಲಿ ಕೂತಾಗಲೇ ಲೆಕ್ಕ ಹಾಕತೊಡಗಿದಳು. ಅಕ್ಕ ಸುಳ್ಳು ಹೇಳುವವಳಲ್ಲ. ತೂಕ ಸುಳ್ಳು ಹೇಳುವುದಿಲ್ಲ. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಅಕ್ಕನನ್ನು ಕಳೆದುಕೊಂಡೆ ಎಂಬ ಭಯಕ್ಕೆ ಅವಳಿಗೆ ಅಳು ಬರಬೇಕಿತ್ತು, ಬಂದದ್ದು ಮತ್ತೆ ಸಿಟ್ಟೇ.

ಕಚೇರಿಗೆ ಬಂದವಳೇ ಗುಂಡಿಗಿಳಿದಳು. ಯಂತ್ರದ ತಳ, ಮೊಳೆ, ತಂತಿ ಒಂದೊಂದನ್ನೂ ಮುಟ್ಟಿ ನೋಡಿದಳು. ಬಟ್ಟುಗಳನ್ನು ಇಟ್ಟು ತೆಗೆದು, ತೆಗೆದು ಇಟ್ಟಳು. ತಳದಲ್ಲಿ ಮೇಣ ಮೆತ್ತಿರಲಿಲ್ಲ. ಎಲ್ಲ ಕೂದಲೆಳೆಯಷ್ಟೂ ತಪ್ಪಿಲ್ಲದೆ ಸರಿಯಾಗಿತ್ತು. ಸರಿಯಾಗಿದೆ ಎಂಬುದಕ್ಕೇ ಅವಳು ಆ ಉಕ್ಕಿನ ಗೋಡೆಗೆ ಕೈಯಿಂದ ಒಂದು ಬಾರಿಸಿದಳು.

ಮೇಲೆ ಉಪಕರಣದ ಕೋಣೆಯ ಬಾಗಿಲಲ್ಲಿ ನಕ್ಷೆಯವನು ನಿಂತಿದ್ದ. ಒಳಗೆ ಬರಲೋ ಬೇಡವೋ ಎಂಬಂತೆ ಒಂದು ಕಾಲು ಹೊಸಿಲ ಮೇಲಿತ್ತು.

"ಬೈಯಲ್ಲ ಅಂದ್ರೆ ಒಂದು ಮಾತು ಹೇಳ್ತೀನಿ ಮೇಡಂ."

"ಬೈತೀನಿ. ಹೇಳಿ."

"ನಿಮ್ಮ ತೊಟ್ಟಿ, ನನ್ನ ನಕ್ಷೆ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದೆ. ದಾರಿ ಬೇರೆಯಾಗೋದು ಹೊಸ ನಿರ್ದೇಶಕರು ಬಂದ್ಮೇಲೇನೆ. ಅಲ್ಲೀವರೆಗೆ ಅಣ್ಣ ತಮ್ಮನ ಹಾಗೆ ಜೊತೇಲೇ ನಡ್ಕೊಂಡು ಬಂದಿವೆ. ಅವರು ಬಂದ್ಮೇಲೆ ಇಲ್ಲಿ ಏನಾದ್ರೂ ಬದಲಾಯ್ತಾ?"

"ಕೆಳಗೆ ಏನೂ ಬದಲಾಗಿಲ್ಲ."

"ಮೇಲೆ?"

ಇಡೀ ಹಂಗಾಮು ತಕ್ಕಡಿಯಮ್ಮ ಒಂದೋ ಗುಂಡಿಯೊಳಗೆ, ಇಲ್ಲವೇ ಕಂಪ್ಯೂಟರ್ ತೆರೆಯ ಮುಂದೆ. ತೊಟ್ಟಿಯ ಮೇಲ್ಭಾಗಕ್ಕೆ ಅವಳು ಹೋಗಿಯೇ ಇರಲಿಲ್ಲ. ಅವನನ್ನು ಪಕ್ಕಕ್ಕೆ ಸರಿಸಿ ಹೊರಗೆ ಓಡಿದಳು.

ಹೊಸ ನಿರ್ದೇಶಕರಿಗೆ ಬಯಲಿನ ಉದ್ದ ಹುಲ್ಲು ಕಂಡರಾಗುತ್ತಿರಲಿಲ್ಲ. ಕಾಲುವೆಯಲ್ಲಿ ಹೂಳು ತುಂಬಿದ್ದರೂ ಕಚೇರಿಯ ಮುಂದೆ ಹಿಂದೆ ರತ್ನಗಂಬಳಿ ಹಾಸಿದಂತಿರಬೇಕು, ಬಂದ ದೊಡ್ಡವರು ನಿಂತು ಫೋಟೋ ತೆಗೆಸಿಕೊಳ್ಳಬೇಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಕಚೇರಿಯ ತೋಟದವನು ಅವರ ಅಪ್ಪಣೆಯಂತೆ ಇಡೀ ಬಯಲನ್ನು ಬೋಳಿಸಿ, ಬೆರಳ ಗಿಣ್ಣಿನೆತ್ತರಕ್ಕೆ ತಂದಿದ್ದ. ನಡುವೆ ತೊಟ್ಟಿಯ ಮೇಲೆ ಮಾತ್ರ ಹುಲ್ಲು ಮೊಣಕಾಲೆತ್ತರ ಬೆಳೆದು, ಬೋಳುತಲೆಯ ಮೇಲೆ ಬಿಟ್ಟ ಜುಟ್ಟಿನಂತೆ ಗಾಳಿಗೆ ತೊನೆದಾಡುತ್ತಿತ್ತು. ಪಕ್ಕದಲ್ಲಿ ಅವಳದೇ ಕೈಬರಹದ ಫಲಕ: ತೊಟ್ಟಿಯನ್ನು ಯಾರೂ ಮುಟ್ಟಕೂಡದು.

ಆ ಕೆಲಸ ಗೊತ್ತಿದ್ದವರಿಗೆ ಒಂದೇ ನೋಟ ಸಾಕು. ತೊಟ್ಟಿಯ ಹುಲ್ಲು ಸುತ್ತಲಿನ ಹುಲ್ಲಿನಷ್ಟೇ ಎತ್ತರವಿದ್ದರೆ ಮಾತ್ರ ಅದರ ಮಾತು ಬಯಲಿನ ಮಾತು. ಒಂಟಿಯಾಗಿ ಎತ್ತರಕ್ಕೆ ನಿಂತ ಹುಲ್ಲಿಗೆ ಎಲ್ಲ ಕಡೆಯಿಂದಲೂ ಬಿಸಿಲು, ಎಲ್ಲ ಕಡೆಯಿಂದಲೂ ಗಾಳಿ. ಅದು ಪಾಲಿಗಿಂತ ಎಷ್ಟೋ ಹೆಚ್ಚು ಬೆವರುತ್ತದೆ. ತೂಕ ಸುಳ್ಳು ಹೇಳಿರಲಿಲ್ಲ. ಆ ಜುಟ್ಟಿನ ಲೆಕ್ಕವನ್ನು ಇಡೀ ಕಣಿವೆಯ ತಲೆಗೆ ಕಟ್ಟಿದ್ದು ಅವಳು.

"ಏಯ್!" ಅವಳ ಕೂಗಿಗೆ ತೋಟದವನು ಕೈಯಲ್ಲಿದ್ದ ಬುಟ್ಟಿ ಬೀಳಿಸಿದ. "ಎಲ್ಲಾ ಬೋಳಿಸಿ ಇದೊಂದನ್ನ ಯಾಕೆ ಬಿಟ್ಟೆ? ಕಣ್ಣಿಲ್ವಾ ನಿನಗೆ?"

"ನೀವೇ ಅಲ್ವಾ ಅಮ್ಮಾ, ಮುಟ್ಟಿದ್ರೆ ಕೈ ಮುರೀತೀನಿ ಅಂದಿದ್ದು?"

"ಬಂದು ಕೇಳ್ಬಾರ್ದಾಗಿತ್ತಾ?"

"ಕೇಳಕ್ಕೆ ಬಂದಿದ್ದೆ. ನೀವು ಫೋನಲ್ಲಿ ಯಾರಿಗೋ ಕಿರುಚ್ತಾ ಇದ್ರಿ. ವಾಪಸ್ ಹೋದೆ."

ಅವನು ತಪ್ಪು ಮಾಡಿರಲಿಲ್ಲ. ಹೆದರಿದ್ದ. ಇಷ್ಟು ವರ್ಷ ತನ್ನ ಸಿಟ್ಟನ್ನು ಅವಳು ಸತ್ಯದ ಕಾವಲುನಾಯಿ ಎಂದು ಸಾಕಿದ್ದಳು. ಅದು ಮನೆಯವರನ್ನೇ ಕಚ್ಚಿತ್ತು. ತನ್ನ ಮೇಲೆ ಅವಳಿಗೆ ಹುಟ್ಟಿದ ಸಿಟ್ಟಿನ ಮುಂದೆ ಹಿಂದಿನದೆಲ್ಲ ಮಕ್ಕಳಾಟ.

ನಿರ್ದೇಶಕರ ಕೋಣೆಯ ಬಾಗಿಲನ್ನು ಅವಳು ತಟ್ಟಲಿಲ್ಲ, ದೂಡಿದಳು. ನಡೆದದ್ದನ್ನೆಲ್ಲ ಹೇಳಿದಳು. ತನ್ನದೇ ತಪ್ಪೆಂದೂ ಹೇಳಿದಳು. ಅವರು ಕೇಳಿ, ಚಹಾದ ಲೋಟದ ಮೇಲೆ ಮುಚ್ಚಳ ಇಟ್ಟರು.

"ನಕ್ಷೆ ಹೊರಗೆ ಹೋಗಾಗಿದೆ ಅಮ್ಮಾ. ಮೇಲಿನವರು ಹೊಗಳಿದ್ದಾರೆ. ಈ ಹಂಗಾಮು ಮುಗೀಲಿ, ಮುಂದಿನ ಸಲ ಸರಿ ಮಾಡಿದ್ರಾಯ್ತು."

"ಅಲ್ಲೀವರೆಗೆ ಬೀಗ?"

"ನಾಳೆ ಬೆಳಗ್ಗೆ ಹೇಗೂ ಬೆಳೆಗಾರರ ವಿಚಾರಣೆ ಇದೆ. ಅವರ ಮುಂದೆ ಹುಲ್ಲು ಗಿಲ್ಲು ಅಂತ ಬಾಯಿ ಬಿಟ್ರೆ ನಾವೇ ನಗೆಪಾಟಲಾಗ್ತೀವಿ. ನಿಮ್ಮ ಹೆಸರೂ ಹಾಳಾಗುತ್ತೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಹುಲ್ಲು ಬೆಳೆದದ್ದು ಕಚೇರಿಯ ಹಿತ್ತಲಲ್ಲಿ, ಒಣಗಿದ್ದು ಕೆಳದಂಡೆಯ ಸಸಿ. ಅದರಿಂದ ಈ ಮನುಷ್ಯನ ಚಹಾ ತಣ್ಣಗಾಗಬಾರದು! "ನನ್ನ ಒಳ್ಳೇದು ನಾನು ನೋಡ್ಕೋತೀನಿ" ಎಂದು ಬಾಗಿಲು ಧಡಾರನೆ ಹಾಕಿಕೊಂಡು ಬಂದಳು. ಅದರ ಗಾಜು ಇಂದಿಗೂ ಅಲುಗಾಡುತ್ತದೆ.

ಮರುದಿನ ಬೆಳಗ್ಗೆ ಅವಳು ಬೇಗ ಬಂದಳು. ಅವಳಿಗಿಂತ ಬೇಗ ನಿರ್ದೇಶಕರು ಬಂದಿದ್ದರು. ಬಯಲಿನ ನಡುವೆ, ತೊಟ್ಟಿಯ ಪಕ್ಕದಲ್ಲಿ, ತೋಟದವನ ಕೈಗೆ ಕತ್ತರಿ ತುರುಕುತ್ತಿದ್ದರು.

"ಕತ್ತರಿಸು ಅಂದ್ರೆ ಕತ್ತರಿಸು! ಬೆಳೆಗಾರರು ಬರೋದ್ರೊಳಗೆ ಸುತ್ತಲಿನ ಮಟ್ಟಕ್ಕೆ ತಂದುಬಿಡು, ಎರಡು ನಿಮಿಷದ ಕೆಲಸ."

"ಆಗಲ್ಲ ಸ್ವಾಮಿ. ಅಮ್ಮಾವ್ರು ಮುಟ್ಟಬೇಡ ಅಂದಿದ್ದಾರೆ."

"ನಾನು ಹೇಳ್ತಿದ್ದೀನಲ್ಲಯ್ಯಾ! ಈ ಕಚೇರಿಗೆ ನಾನು ದೊಡ್ಡವನಾ, ಅವಳು ದೊಡ್ಡವಳಾ?"

ತೋಟದವನು ಯೋಚಿಸಿದ. "ನೀವೇ ದೊಡ್ಡವರು. ಆದ್ರೆ ನೀವು ಕೆಲಸದಿಂದ ತೆಗೀತೀರಿ ಅಷ್ಟೆ. ಅವರು ಬೈತಾರೆ."

ನಿರ್ದೇಶಕರು ತಾವೇ ಕತ್ತರಿ ಹಿಡಿದು ಬಗ್ಗಿದರು. ತೋಟದವನು ತೊಟ್ಟಿಯ ಮುಂದೆ ಕೈ ಚಾಚಿ ನಿಂತುಬಿಟ್ಟ. ಅಷ್ಟರಲ್ಲಿ ತಕ್ಕಡಿಯಮ್ಮ ಅಲ್ಲಿಗೆ ತಲುಪಿದಳು. ಅವಳ ಮುಖ ನೋಡಿದ ನಿರ್ದೇಶಕರು ಕತ್ತರಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

ಗೇಟಿನ ಬಳಿ ಬೆಳೆಗಾರರು ಸೇರುತ್ತಿದ್ದರು. ಅವಳು ಸಭಾಂಗಣದ ಬಾಗಿಲು ತೆರೆಯಲು ಬಿಡಲಿಲ್ಲ. "ಎಲ್ಲರೂ ಈ ಕಡೆ ಬನ್ನಿ" ಎಂದು ಬಯಲಿಗೇ ಕರೆದಳು. ಕೆಳದಂಡೆಯವರು ತೊಟ್ಟಿಯ ಸುತ್ತ ನಿಂತರು. ಹಿಂದೆ, ಗುಂಪಿಗೆ ಸೇರದೆ, ಅಕ್ಕ ನಿಂತಿದ್ದಳು.

"ಇದನ್ನ ನೋಡಿ. ಬಟ್ಟೆಗಳನ್ನ ಒತ್ತೊತ್ತಾಗಿ ಹಗ್ಗಕ್ಕೆ ಹಾಕಿದ್ರೆ ನಿಧಾನಕ್ಕೆ ಒಣಗ್ತವೆ. ಒಂದೇ ಒಂದನ್ನ ಗಾಳೀಲಿ ಹಾಕಿದ್ರೆ ಬೇಗ ಒಣಗುತ್ತೆ. ಈ ಹುಲ್ಲು ಆ ಒಂಟಿ ಬಟ್ಟೆ. ಇದು ಬೆವರಿದಷ್ಟೇ ನಿಮ್ಮ ಹೊಲಾನೂ ಬೆವರಿದೆ ಅಂತ ಲೆಕ್ಕ ಹಾಕಿದ್ದು ನಾನು. ಬೇಡ ಅಂದವರ ಬಾಯಿ ಮುಚ್ಚಿಸಿದ್ದೂ ನಾನು. ನೀವು ಯಾರೂ ನೀರು ಕದ್ದಿಲ್ಲ."

ಯಾರೋ ಕೆಟ್ಟದಾಗಿ ಬೈದರು. ಅವಳು ತಲೆ ತಗ್ಗಿಸಲಿಲ್ಲ, ಬೈಗುಳ ನ್ಯಾಯವಾಗಿತ್ತು. ನಿರ್ದೇಶಕರು "ಇದು ಇವರ ಸ್ವಂತ ಅಭಿಪ್ರಾಯ" ಎನ್ನುತ್ತ ಮುಂದೆ ಬಂದರು. ಅವಳು ಚೀಲದಿಂದ ಕಾಗದ ತೆಗೆದು ಅವರ ಎದೆಗೆ ಹಿಡಿದಳು. "ನೆಲದಳತೆಗೆ ಹಾಕಿದ ಸಹಿ ವಾಪಸ್ ತಗೊಂಡಿದ್ದೀನಿ. ಸಹಿ ಇಲ್ಲ ಅಂದ್ರೆ ನಕ್ಷೆ ಇಲ್ಲ, ನಕ್ಷೆ ಇಲ್ಲ ಅಂದ್ರೆ ಬೀಗ ಇಲ್ಲ. ನಿಮ್ಮ ನಿಯಮಾನೇ." ನಕ್ಷೆಯವನು ಹಿಂದಿನಿಂದ "ಹೌದು" ಎಂದ. ಮೆತ್ತಗೇ ಅಂದ, ಆದರೆ ಎಲ್ಲರಿಗೂ ಕೇಳಿಸಿತು.

ಅಕ್ಕ ಗುಂಪನ್ನು ಸರಿಸಿಕೊಂಡು ಬಂದು ತೊಟ್ಟಿಯ ಬಳಿ ಕೂತಳು. ಉದ್ದ ಹುಲ್ಲಿನಲ್ಲಿ ಕೈಯಾಡಿಸಿದಳು. ಆಮೇಲೆ ಪಕ್ಕದ ಬೋಳು ನೆಲವನ್ನು ಸವರಿದಳು.

"ನನ್ನ ಹತ್ರ ಬಂದು ಕದ್ದೆಯಾ ಅಂತ ಕೇಳಿದೆ. ಅಷ್ಟು ದೂರ ಬಸ್ಸು ಹತ್ತಿ ಬಂದು ಕೇಳಿದೆ. ಇದು ನಿನ್ನ ಹಿತ್ತಲಲ್ಲೇ ಇತ್ತಲ್ಲೇ."

"ತಪ್ಪಾಯ್ತು ಅಕ್ಕಾ."

"ಅದು ಆಮೇಲೆ. ಮೊದಲು ಬೀಗದ ಕೈ ಕೊಡಿಸು."

ಮಧ್ಯಾಹ್ನದ ಹೊತ್ತಿಗೆ ತೂಬು ತೆರೆಯಿತು. ನೀರು ಮೊದಲು ಕಸ ನೂಕಿಕೊಂಡು, ಆಮೇಲೆ ತಿಳಿಯಾಗಿ ಒಳಗೆ ಬಂತು. ತಕ್ಕಡಿಯಮ್ಮ ನೆರಳು ಬಲೆಯ ಅಂಚಿನಲ್ಲಿ ನಿಂತಿದ್ದಳು. ಒಳಗೆ ಬಾ ಎಂದು ಅಕ್ಕ ಕರೆಯಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಸಾಲಿನಿಂದ ಸಾಲಿಗೆ ಹೋಗಿ ನೀರು ಹಾಯಿಸಿದಳು. ಹಿಂದಿನ ಸಾಲುಗಳಲ್ಲಿ ಇನ್ನೂ ಹಸಿರಿತ್ತು. ಮುಂದಿನ ಸಾಲುಗಳ ಬಳಿ ಬಂದಾಗ ಅವಳ ಕೈ ನಿಂತಿತು. ಅವುಗಳಿಗೆ ನೀರು ಹಾಕಲಿಲ್ಲ.

"ಅವಕ್ಕೂ ಹಾಕಿ ನೋಡ್ಬಾರ್ದಾ?" ಎಂದಳು ತಂಗಿ.

ಅಕ್ಕ ತಿರುಗಿದಳು. ತಂಗಿಗೆ ಈ ಸಿಟ್ಟು ಯಾರಿಂದ ಬಂತು ಎಂದು ಕೇಳುವವರು ಆಗ ಅಕ್ಕನ ಮುಖ ನೋಡಬೇಕಿತ್ತು.

"ಹೋದವಕ್ಕೆ ಯಾಕೆ ನೀರು? ಒಂದೊಂದನ್ನೂ ಕಣ್ಣೊಳಗೆ ಇಟ್ಕೊಂಡು ಬೆಳೆಸಿದ್ದೆ. ಬಾ, ಸತ್ತವನ್ನ ನೀನೇ ಎತ್ತು. ಆಳು ಕರೀಬೇಡ, ನಿನ್ನ ಕೈಯಲ್ಲೇ ಎತ್ತು. ಬದುಕಿರೋವನ್ನ ನಾನು ನೋಡ್ಕೋತೀನಿ."

ತಕ್ಕಡಿಯಮ್ಮ ಒಳಗೆ ಬಂದು, ಬಗ್ಗಿ, ಮೊದಲ ತಟ್ಟೆಗೆ ಎರಡೂ ಕೈ ಹಾಕಿ ಎತ್ತಿದಳು. ಒದ್ದೆ ಮಣ್ಣಿನ ಭಾರಕ್ಕೆಂದು ಬಿಗಿ ಹಿಡಿದಿದ್ದ ಕೈ ಸುಮ್ಮನೆ ಮೇಲೆದ್ದು ಬಂತು. ತಟ್ಟೆಗೆ ತೂಕವೇ ಇರಲಿಲ್ಲ.